ರಜೆಗೊಂದು ತಾತನ ಪಟ್ಟಿ

ಮಕ್ಕಳೇ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಸಣ್ಣದೊಂದು ಲೆಕ್ಕವಿದೆ. ಅಜ್ಜ ಅಜ್ಜಿಯರೇ, ನೀವೂ ಕನ್ನಡಕ ಹುಡುಕಿಕೊಳ್ಳಿ. ಈ ಲೆಕ್ಕ ನಿಮಗೂ ಸೇರಿದ್ದೇ.

ಒಂದು ಮಗು ಒಂದನೇ ತರಗತಿಯಿಂದ ಏಳನೇ ತರಗತಿಯವರೆಗೆ ಪ್ರತಿ ಬೇಸಿಗೆ ರಜೆಯಲ್ಲೂ ಅಜ್ಜಿ ಮನೆಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಬಂದಾಗಲೆಲ್ಲ 20 ದಿನ ಇರುತ್ತದೆ. ಎಂಟನೇ ತರಗತಿ ಮುಟ್ಟಿತೆಂದರೆ ಟ್ಯೂಷನ್ನು, ಕೋಚಿಂಗು, ಹತ್ತನೇ ತರಗತಿಯ ಸಿದ್ಧತೆ. ಆಮೇಲೆ ಬಂದರೂ ಎರಡು ದಿನ, ಅದೂ ಪುಸ್ತಕದ ಚೀಲದ ಜೊತೆ. ಹಾಗಾದರೆ ಆ ಮಗು ಅಜ್ಜಿ ಮನೆಯಲ್ಲಿ ಕಳೆಯುವ ರಜೆಯ ದಿನಗಳು ಒಟ್ಟು ಎಷ್ಟು? ಏಳು ಸಲ 20 ಅಂದರೆ 140. ಐದು ತಿಂಗಳೂ ತುಂಬಲಿಲ್ಲ!

ಬ್ಯಾಂಕಿನ ಕೌಂಟರಿನಲ್ಲಿ ಕೂತು ಸಾವಿರಾರು ಪಾಸ್‌ಬುಕ್ ಬರೆದುಕೊಟ್ಟವನು ನಾನು. ಖಾತೆಯಲ್ಲಿ ಇರುವುದು ಇಷ್ಟೇ ಎಂದು ಗೊತ್ತಾದ ದಿನದಿಂದ ಮನುಷ್ಯ ಖರ್ಚು ಮಾಡುವ ರೀತಿಯೇ ಬೇರೆಯಾಗುತ್ತದೆ. ಪುಣೆಯಲ್ಲಿರುವ ನನ್ನ ಮೊಮ್ಮಗಳು ಈ ವರ್ಷ ಆರನೇ ತರಗತಿ ಮುಗಿಸಿದಳು. ನನ್ನ ಲೆಕ್ಕದ ಪ್ರಕಾರ ಇನ್ನುಳಿದಿರುವುದು ಒಂದೇ ರಜೆ. ಅದಕ್ಕೇ ಈ ಸಲ ಅವಳು ಮೈಸೂರಿಗೆ ಬರುವ ಮೊದಲೇ ನನಗೆ ಇಷ್ಟವಾದ ಮನರಂಜನೆಗಳ ಒಂದು ಪಟ್ಟಿ ಬರೆದಿಟ್ಟೆ.

ಅವಳು ಪಟ್ಟಿ ನೋಡಿ, ‘ತಾತ, ಎಲ್ಲಾ ನೀವೇ ಹೇಳಿದ್ರೆ ಹೇಗೆ? ಮಾರ್ಕ್ಸ್ ನಾನು ಹಾಕ್ತೀನಿ’ ಅಂದಳು. ಒಪ್ಪಿದೆ. ನನ್ನದೂ ಒಂದು ಷರತ್ತು ಸೇರಿಸಿದೆ. ಯಾವ ಆಟವೇ ಇರಲಿ, ಇಬ್ಬರಿಗೂ ಅದರಲ್ಲಿ ಕೆಲಸ ಇರಬೇಕು. ತಾತನಿಗೆ ಬೇಜಾರಾಗದಿರಲಿ ಎಂದು ಮೊಮ್ಮಗಳು ಕೂರುವುದಾಗಲಿ, ಮೊಮ್ಮಗಳು ಸುಮ್ಮನಿರಲಿ ಎಂದು ತಾತ ಕೂರುವುದಾಗಲಿ ಆಗಬಾರದು. ಹೀಗೆ ಪರೀಕ್ಷೆ ಮುಗಿಸಿ ಬಂದ ಪಟ್ಟಿಯನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಚೌಕಾಬಾರ: 10ಕ್ಕೆ 10

ಬೇಕಾದದ್ದು ಒಂದು ಸೀಮೆಸುಣ್ಣ, ನಾಲ್ಕು ಕವಡೆ, ಆಟಗಾರರಿಗೆ ತಲಾ ನಾಲ್ಕು ಕಾಯಿ. ಕಾಯಿಗೆ ಹುಣಿಸೆ ಬೀಜ, ಬಳೆಚೂರು, ಶರಟಿನ ಗುಂಡಿ ಯಾವುದಾದರೂ ಆದೀತು. ನೆಲದ ಮೇಲೆ ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ ಬರೆಯಿರಿ. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಕಾಟು ಹಾಕಿ. ಬದಿಯ ಕಾಟು ಮನೆಯಿಂದಲೇ ಆಟ ಶುರು. ಕಾಟು ಮನೆಯಲ್ಲಿ ಕೂತ ಕಾಯನ್ನು ಯಾರೂ ಹೊಡೆಯುವಂತಿಲ್ಲ.

ಅಂಗಾತ ಬಿದ್ದ ಕವಡೆ ಒಂದಾದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಚೌಕವೋ ಬಾರವೋ ಬಿದ್ದರೆ ಮತ್ತೊಂದು ಸಲ ಹಾಕಬಹುದು. ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತಿನಲ್ಲಿ ಎದುರು ದಿಕ್ಕಿಗೆ ತಿರುಗಿ, ಮಧ್ಯದ ಮನೆ ಸೇರಬೇಕು. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಗೆ ಪ್ರವೇಶವಿಲ್ಲ. ಮಧ್ಯ ಸೇರಿದ ಕಾಯಿ ‘ಹಣ್ಣಾಯಿತು’ ಎನ್ನುತ್ತೇವೆ. ಕಾಯಿ ಹಣ್ಣಾಗುವ ಆಟ! ಈ ಮಾತು ಕೇಳಿ ಮೊಮ್ಮಗಳು ಐದು ನಿಮಿಷ ನಕ್ಕಳು. ತಕ್ಷಣ ನನ್ನ ಕಡೆ ತಿರುಗಿ, ‘ತಾತ, ನೀವೂ ಹಣ್ಣಾಗಿದ್ದೀರಾ’ ಅಂದಳು. ಅವಳ ಅಜ್ಜಿಗೆ ಇದಕ್ಕಿಂತ ಒಳ್ಳೆಯ ನಗೆಹನಿ ಆ ವಾರ ಸಿಗಲಿಲ್ಲ.

ಗಣಿತ ಇಷ್ಟಪಡುವ ಮಕ್ಕಳಿಗೆ ಇಲ್ಲೊಂದು ಗುಟ್ಟಿದೆ. ನಾಲ್ಕು ಕವಡೆ ಬೀಳಬಹುದಾದ ರೀತಿಗಳು ಒಟ್ಟು 16. ಕವಡೆ ಎರಡು ಬದಿಗೂ ಸಮನಾಗಿ ಬೀಳುತ್ತದೆ ಎಂದುಕೊಂಡರೆ, ಅವುಗಳಲ್ಲಿ ಎರಡು ಬರುವುದು 6 ರೀತಿಯಲ್ಲಿ, ಒಂದು ಬರುವುದು 4, ಮೂರು ಬರುವುದು 4, ಚೌಕ ಬರುವುದು ಒಂದೇ, ಬಾರವೂ ಒಂದೇ. ಆದರೆ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಹಾಗಾಗಿ ಅದು ಸಮನಾಗಿ ಬೀಳುವುದಿಲ್ಲ. ನೂರು ಸಲ ಹಾಕಿ, ಗೀಟು ಎಳೆದು ಎಣಿಸಿ ನೋಡಿ. ನಿಮ್ಮ ಮನೆಯ ಕವಡೆಯ ಸ್ವಭಾವ ಗೊತ್ತಾಗುತ್ತದೆ. ನಮ್ಮ ಮನೆಯ ಕವಡೆಗಳು ಅಜ್ಜಿಯ ಮಾತು ಮಾತ್ರ ಕೇಳುತ್ತವೆ. ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ.

ಅದೇ ಚೌಕದಲ್ಲಿ ಕುದುರೆ: 8

ಆಟ ಮುಗಿದ ಮೇಲೆ ಚೌಕ ಅಳಿಸಬೇಡಿ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳ ಮಹಾಪ್ರೇಮಿ. ಹೊಸ ಆಟಗಳನ್ನು ತಾವೇ ರಚಿಸಿದರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವ ದಾರಿಗಳನ್ನು ಹುಡುಕುವುದು ಅವರಿಗೆ ಪ್ರಿಯವಾಗಿತ್ತು. ರಾಜರಿಗೆ 64 ಇರಲಿ, ನಮಗೆ 25 ಸಾಕು.

ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ಹಾರುತ್ತದೆ. ಮೂಲೆಯ ಮನೆಗೆ 1 ಎಂದು ಬರೆದು ಹೊರಡಿ. ಹಾರಿದ ಕಡೆಯೆಲ್ಲ 2, 3, 4 ಎಂದು ಬರೆಯುತ್ತಾ 25ರವರೆಗೆ ತಲುಪಬೇಕು. ಒಂದು ಮನೆಯೂ ಉಳಿಯಬಾರದು, ಯಾವ ಮನೆಗೂ ಎರಡು ಸಲ ಹೋಗಬಾರದು. ನಮಗೆ ಎರಡು ದಿನ ಹಿಡಿಯಿತು. ಮೊದಲ ದಿನ 22ಕ್ಕೆ ಸಿಕ್ಕಿಕೊಂಡೆವು.

ದೊಡ್ಡ ಮಕ್ಕಳಿಗೆ ಇನ್ನೊಂದು ಪ್ರಶ್ನೆ. ಮೂಲೆಯಿಂದ ಹೊರಟರೆ ದಾರಿ ಉಂಟು. ಮೂಲೆಯ ಪಕ್ಕದ ಮನೆಯಿಂದ ಹೊರಟರೆ ಎಷ್ಟು ಹೆಣಗಿದರೂ ಆಗದು. ಯಾಕೆ? ಮನೆಗಳಿಗೆ ಒಂದು ಬಿಟ್ಟು ಒಂದಕ್ಕೆ ಬಣ್ಣ ಹಚ್ಚಿ. ಮೂಲೆಯ ಬಣ್ಣದವು 13, ಇನ್ನೊಂದು ಬಗೆಯವು 12. ಕುದುರೆ ಪ್ರತಿ ಹಾರಿಕೆಗೂ ಬಣ್ಣ ಬದಲಿಸುತ್ತದೆ. ಉಳಿದದ್ದನ್ನು ನೀವೇ ಯೋಚಿಸಿ. ಉತ್ತರ ಹೊಳೆದಾಗ ಅಜ್ಜನಿಗೆ ಹೇಳಿಕೊಡಿ. ಹೇಳಿಸಿಕೊಳ್ಳುವುದರಲ್ಲಿ ನಮ್ಮ ವಯಸ್ಸಿನವರಿಗೆ ಒಂದು ವಿಶೇಷ ಸುಖವಿದೆ.

ಕೆರೆ ಏರಿಯ ಮೇಲೆ ಎರಡು ಕಣ್ಣು, ಒಂದು ನೆನಪು: 9

ನನ್ನ ಬಲಗಣ್ಣಿನ ಪೊರೆ ತೆಗೆಸಿದ್ದಾಗಿದೆ, ಎಡಗಣ್ಣು ಸರದಿ ಕಾಯುತ್ತಿದೆ. ದೂರದ ಹಕ್ಕಿ ನನಗೆ ಬರೀ ಚುಕ್ಕಿ. ಮೊಮ್ಮಗಳ ಕಣ್ಣು ಹದ್ದಿನ ಕಣ್ಣು, ಆದರೆ ಹಕ್ಕಿಗಳ ಹೆಸರು ಗೊತ್ತಿಲ್ಲ. ಇಬ್ಬರೂ ಸೇರಿದರೆ ಒಬ್ಬ ಪಕ್ಷಿವೀಕ್ಷಕ ತಯಾರು.

ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇವೆ. ಮುಮ್ಮಡಿಯವರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಇದು. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಕೆರೆ. ಅವಳು ನೋಡಿ ವರ್ಣಿಸಬೇಕು, ನಾನು ಹೆಸರು ಹೇಳಬೇಕು. ‘ತಾತ, ಕೊಕ್ಕಿನ ಕೆಳಗೆ ದೊಡ್ಡ ಚೀಲ ಇದೆ.’ ಹೆಜ್ಜಾರ್ಲೆ. ‘ಮೈಯೆಲ್ಲ ಕಪ್ಪು, ಕಲ್ಲಿನ ಮೇಲೆ ರೆಕ್ಕೆ ಹರಡಿ ಒಣಗಿಸ್ತಾ ಇದೆ.’ ನೀರುಕಾಗೆ. ‘ನೀರಿನ ಮೇಲೆ ಬರೀ ಕತ್ತು ಕಾಣ್ತಿದೆ, ಹಾವಿನ ಥರ!’ ಅದರ ಹೆಸರೇ ಹಾವಕ್ಕಿ. ಹೆಸರು ಕೇಳಿ ಅವಳಿಗೆ ಅದನ್ನು ತಾನೇ ಇಟ್ಟಷ್ಟು ಸಂತೋಷ.

ನಿಮ್ಮೂರಲ್ಲಿ ಕೆರೆ ಇಲ್ಲದಿದ್ದರೆ ಮನೆ ಮುಂದಿನ ವಿದ್ಯುತ್ ತಂತಿಯೂ ಸಾಕು. ಬಾಲ ಎರಡಾಗಿ ಸೀಳಿದ ಕಪ್ಪು ಕಾಜಾಣ ಅಲ್ಲಿ ಬಂದು ಕೂತೇ ಕೂರುತ್ತದೆ. ಒಂದು ಅಂಕ ಯಾಕೆ ಕಳೆದೆ ಎಂದು ಕೇಳಿದೆ. ‘ಬೆಳಗ್ಗೆ ಬೇಗ ಏಳಬೇಕಲ್ಲ, ಅದಕ್ಕೆ.’

ಒಲೆ ಹಚ್ಚದ ಚುರುಮುರಿ: 10

ಮಗು ತನ್ನ ಕೈಯಾರೆ ಮಾಡಿದ್ದನ್ನು ಎಂದೂ ಬೇಡ ಎನ್ನುವುದಿಲ್ಲ. ಚುರುಮುರಿಗೆ ಬೆಂಕಿ ಬೇಡ. ಹೆಚ್ಚುವ ಕೆಲಸ ಅಜ್ಜಿಯದು, ಕಲಸುವ ಕೆಲಸ ಮೊಮ್ಮಗಳದು, ‘ಉಪ್ಪು ಸಾಲದು’ ಎನ್ನುವ ಕೆಲಸ ನನ್ನದು.

ಅಗಲವಾದ ಬೋಗುಣಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ ಸೊಪ್ಪು, ತುರಿದ ಕ್ಯಾರೆಟ್ ಹಾಕಿ. ಬೇಸಿಗೆಯಾದ್ದರಿಂದ ಮಾವಿನಕಾಯಿ ತುರಿಯೂ ಇರಲಿ. ಮೇಲೆ ಉಪ್ಪು, ಅಚ್ಚ ಖಾರದ ಪುಡಿ, ಒಂದು ಚಮಚ ಕೊಬ್ಬರಿ ಎಣ್ಣೆ. ಚೆನ್ನಾಗಿ ಕಲಸಿ. ಕಡಲೆಪುರಿ ಮತ್ತು ಹುರಿದ ಕಡಲೆಕಾಯಿ ಬೀಜ ಕಟ್ಟಕಡೆಗೆ, ನಿಂಬೆರಸ ಹಿಂಡುವುದು ಅದಕ್ಕೂ ಕಡೆಗೆ. ಈ ಕ್ರಮ ತಪ್ಪಿದರೆ ಪುರಿ ಮೆತ್ತಗಾಗುತ್ತದೆ. ಕ್ರಮ ತಪ್ಪದಿದ್ದರೂ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಅದಕ್ಕೇ ಇದನ್ನು ಮಾಡಿಟ್ಟು ಯಾರಿಗೂ ಕಾಯುವಂತಿಲ್ಲ. ಮೊದಲು ಎಲ್ಲರೂ ಬಂದು ಕೂರಬೇಕು, ಆಮೇಲೆ ಕಲಸಬೇಕು. ಮನೆಮಂದಿಯನ್ನು ಒಂದೇ ಹೊತ್ತಿಗೆ ಒಂದೇ ಕಡೆ ಕೂರಿಸುವ ಶಕ್ತಿ ಚುರುಮುರಿಗಿದೆ. ಹಲ್ಲಿನ ತೊಂದರೆ ಇರುವ ಅಜ್ಜಂದಿರು ಕಡಲೆಕಾಯಿ ಬೀಜವನ್ನು ಮೊಮ್ಮಕ್ಕಳಿಗೆ ದಾನ ಮಾಡಬಹುದು.

ದೀಪ ಆರಿಸಿ ರೇಡಿಯೊ: 6

‘ಆಕಾಶವಾಣಿ’ ಎಂಬ ಹೆಸರು ಮೈಸೂರಿನ ಕೂಸು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ಸಣ್ಣದೊಂದು ಬಾನುಲಿ ಕೇಂದ್ರ ಶುರುಮಾಡಿದರು. ಅದಕ್ಕೆ ಬಂದ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊಗೇ ಆ ಹೆಸರಾಯಿತು.

ರೇಡಿಯೊ ಸೆಟ್ಟು ಇಲ್ಲದಿದ್ದರೂ ಚಿಂತೆಯಿಲ್ಲ, ಆಕಾಶವಾಣಿ ಈಗ ಮೊಬೈಲಿನಲ್ಲೂ ಬರುತ್ತದೆ. ಮೊಬೈಲನ್ನು ಬೋರಲು ಹಾಕಿ, ಕೋಣೆಯ ದೀಪ ಆರಿಸಿ, ಒಂದು ನಾಟಕ ಕೇಳಿ. ಮುಗಿದ ಮೇಲೆ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿ. ನಾವು ಕೇಳಿದ ನಾಟಕದಲ್ಲಿ ಒಬ್ಬ ಗದರಿಸುವ ಸಾಹುಕಾರನಿದ್ದ. ಅವನಿಗೆ ಮೀಸೆ ಇತ್ತೇ ಎಂದೆ. ‘ದಪ್ಪ ಮೀಸೆ’ ಎಂದಳು ಮೊಮ್ಮಗಳು. ‘ಮೀಸೆಯೇ ಇಲ್ಲ, ಕಿವಿಯಲ್ಲಿ ಕಡುಕು ಇತ್ತು’ ಎಂದಳು ಅಜ್ಜಿ. ನನಗೆ ಕಂಡವನು ನಮ್ಮ ಹಳೆಯ ಮನೆಯ ಮಾಲೀಕನ ಹಾಗೆ ಇದ್ದ. ಒಂದೇ ನಾಟಕ, ಮೂವರು ಸಾಹುಕಾರರು! ಟಿವಿಯಲ್ಲಿ ಎಲ್ಲರಿಗೂ ಸಿಗುವುದು ಒಬ್ಬನೇ.

ಆರೇ ಅಂಕ ಕೊಟ್ಟಿದ್ದಕ್ಕೆ ಅವಳ ಕಾರಣ: ‘ಕತ್ತಲಲ್ಲಿ ನಿದ್ದೆ ಬರುತ್ತೆ ತಾತ. ನೀವಂತೂ ಗೊರಕೆ ಹೊಡೆದ್ರಿ.’ ಈ ಆರೋಪವನ್ನು ನಾನು ಒಪ್ಪಿಲ್ಲ.

ಮಾಲ್ಗುಡಿಯನ್ನು ನಡುವೆ ನಿಲ್ಲಿಸಿ: 9

ಗೋಪಾಲಸ್ವಾಮಿಯವರ ರೇಡಿಯೊ ಹುಟ್ಟಿದ ಅದೇ 1935ರಲ್ಲಿ ಮೈಸೂರಿನವರೇ ಆದ ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿ ಹೊರಬಂತು. ಸ್ವಾಮಿ ಎಂಬ ಹುಡುಗನೂ ಮಾಲ್ಗುಡಿ ಎಂಬ ಊರೂ ಅದರಲ್ಲೇ ಹುಟ್ಟಿದ್ದು. ಯಾದವಗಿರಿಯಲ್ಲಿರುವ ಅವರ ಮನೆ ಈಗ ವಸ್ತುಸಂಗ್ರಹಾಲಯ. ರಜೆಯಲ್ಲಿ ಮೈಸೂರಿಗೆ ಬಂದರೆ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.

ಅವರ ಕಥೆಗಳನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದರು. ಶುರುವಿನಲ್ಲಿ ಬರುವ ರೇಖಾಚಿತ್ರಗಳು ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಅವರವು. ಎಲ್. ವೈದ್ಯನಾಥನ್ ಅವರ ಆ ರಾಗ ಕೇಳಿಸಿದರೆ ನನ್ನ ವಯಸ್ಸಿನವರು ಅಡುಗೆಮನೆಯಲ್ಲಿದ್ದರೂ ಓಡಿ ಬರುತ್ತಾರೆ.

ನಾವು ನೋಡುವ ಕ್ರಮ ಹೀಗೆ. ಕಂತು ಮುಗಿಯಲು ಐದು ನಿಮಿಷ ಇರುವಾಗ ನಿಲ್ಲಿಸುವುದು. ಮೂವರೂ ಚೀಟಿಯಲ್ಲಿ ಮುಂದೇನಾಗುತ್ತದೆ ಎಂದು ಬರೆದು ಮಡಚಿಡುವುದು. ಆಮೇಲೆ ಉಳಿದದ್ದು ನೋಡುವುದು. ದಿನಾ ಅಜ್ಜಿಯ ಪಕ್ಕದಲ್ಲೇ ಮಲಗುವ ಸ್ವಾಮಿಗೆ ಅಪ್ಪ ಒಂದು ರಾತ್ರಿ ‘ಧೈರ್ಯವಿದ್ದರೆ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು’ ಅನ್ನುವ ಕಥೆ ಒಂದಿದೆ. ಮೊಮ್ಮಗಳು ಚೀಟಿಯಲ್ಲಿ, ‘ಅಜ್ಜಿ ಗುಟ್ಟಾಗಿ ಹೋಗಿ ಕರ್ಕೊಂಡು ಬರ್ತಾಳೆ’ ಎಂದು ಬರೆದಿದ್ದಳು. ಅದು ನಾರಾಯಣ್ ಬರೆದ ಮುಕ್ತಾಯವಲ್ಲ. ಆದರೆ ಅವಳ ಅಜ್ಜಿ ಆ ಚೀಟಿಯನ್ನು ಸಾಸಿವೆ ಡಬ್ಬಿಯಲ್ಲಿ ಜೋಪಾನ ಮಾಡಿಟ್ಟಿದ್ದಾಳೆ. ನಿಜವಾಗಿ ಆ ರಾತ್ರಿ ಏನಾಯಿತು ಎಂದು ನಾನು ಹೇಳುವುದಿಲ್ಲ. ನೀವೇ ನೋಡಿ.

ಅರಮನೆ ದೀಪಕ್ಕೆ ಕಾಯುವುದು: 10

ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿ, 1912ರಲ್ಲಿ ಮುಗಿಸಿದ್ದು ಈಗಿನ ಮೈಸೂರು ಅರಮನೆ. ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳ ಸಂಜೆ ಇದಕ್ಕೆ ದೀಪ ಹಾಕುತ್ತಾರೆ. ಹೆಚ್ಚುಕಡಿಮೆ ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುತ್ತವೆ.

ದೀಪ ಹತ್ತಿದ ಮೇಲೆ ಹೋಗಿ ನೋಡುವವರು ಬಹಳ. ನನ್ನ ಶಿಫಾರಸು ಅದಲ್ಲ. ಅರ್ಧ ಗಂಟೆ ಮೊದಲೇ ಹೋಗಿ ಕಾಯಿರಿ. ಆಕಾಶ ಕೆಂಪಾಗಿ, ಬೂದಿಬಣ್ಣಕ್ಕೆ ತಿರುಗಿ, ಅರಮನೆ ಕಪ್ಪು ನೆರಳಾಗುವುದನ್ನು ನೋಡಿ. ‘ಈಗ ಬರುತ್ತೆ, ಈಗ ಬರುತ್ತೆ’ ಎಂದು ಪಂದ್ಯ ಕಟ್ಟಿ. ದೀಪ ಬಂದ ಕ್ಷಣ ಸಾವಿರಾರು ಜನರ ಬಾಯಿಂದ ಒಂದೇ ‘ಓ!’ ಹೊರಡುತ್ತದೆ. ಆ ಉದ್ಗಾರಕ್ಕೆ ಭಾಷೆಯಿಲ್ಲ, ವಯಸ್ಸಿಲ್ಲ. ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈಗಲೂ ನನ್ನ ಬಾಯಿಂದ ಆ ‘ಓ’ ತಾನಾಗಿ ಬರುತ್ತದೆ. ಕಣ್ಣಿನ ಪೊರೆಯಿಂದ ಒಂದು ಲಾಭವೂ ಉಂಟು: ನನಗೆ ಪ್ರತಿ ಬಲ್ಬಿನ ಸುತ್ತ ಒಂದೊಂದು ಪ್ರಭಾವಳಿ ಕಾಣುತ್ತದೆ. ಮೊಮ್ಮಗಳಿಗೆ ಇದನ್ನು ಹೇಳಿದಾಗ ಹೊಟ್ಟೆಕಿಚ್ಚುಪಟ್ಟಳು.

ಈಗ ಅವಳ ಸರದಿ

ನನ್ನ ಪಟ್ಟಿ ಮುಗಿದ ಮೇಲೆ ಅವಳೂ ಒಂದು ಸೇರಿಸಿದಳು, ‘ಟಾಮ್ ಅಂಡ್ ಜೆರ್ರಿ’. ‘ಇದು ನಮ್ಮ ಕಾಲದ್ದು ತಾತ, ನಿಮಗೆ ಅರ್ಥ ಆಗುತ್ತೋ ಇಲ್ವೋ’ ಎಂದು ಪೀಠಿಕೆ ಹಾಕಿದಳು. ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಎಂಬಿಬ್ಬರು ಈ ಬೆಕ್ಕು ಇಲಿಯನ್ನು ತೆರೆಗೆ ತಂದದ್ದು 1940ರಲ್ಲಿ. ಅಂದರೆ ಆ ಇಲಿ ನನಗಿಂತ ಹಿರಿಯ! ಇದನ್ನು ಕೇಳಿ ಅವಳು ಟಿವಿಯಲ್ಲಿದ್ದ ಇಲಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು.

ಅಜ್ಜ ಅಜ್ಜಿಯರೇ, ಸಂಕೋಚವಿಲ್ಲದೆ ನೋಡಿ. ಹೆಚ್ಚಿನ ಕಂತುಗಳಲ್ಲಿ ಮಾತೇ ಇಲ್ಲ, ಹಾಗಾಗಿ ಕಿವಿ ಮಂದವಾದವರಿಗೂ ನಷ್ಟವಿಲ್ಲ. ಒಂದು ಕಂತು ಏಳೆಂಟು ನಿಮಿಷ, ಬೆನ್ನು ನೋಯುವ ಮೊದಲೇ ಮುಗಿಯುತ್ತದೆ. ಏಟು ಬೀಳುವುದಕ್ಕೂ ಸಂಗೀತದ ಪೆಟ್ಟಿಗೂ ಎಷ್ಟು ಕರಾರುವಾಕ್ಕಾದ ತಾಳ ಎಂಬುದನ್ನು ಗಮನಿಸಿ. ನಾನು ಕೈಯಲ್ಲಿ ತಾಳ ಹಾಕುತ್ತಾ ನೋಡಿದೆ. 10ಕ್ಕೆ 10 ಕೊಟ್ಟೆ. ಮುಲಾಜಿಗಲ್ಲ, ನಿಜವಾಗಿಯೂ ನಕ್ಕಿದ್ದೆ.

ಇದು ನಮ್ಮ ಮನೆಯ ಪಟ್ಟಿ. ನಿಮ್ಮದು ಬೇರೆ ಇರಲಿ. ಕರಾವಳಿಯವರು ಯಕ್ಷಗಾನ ಸೇರಿಸಿ, ಉತ್ತರ ಕರ್ನಾಟಕದವರು ಚುರುಮುರಿ ಬದಲು ಗಿರಮಿಟ್ ಕಲಸಿ. ಹಾಳೆಯ ಅರ್ಧ ಭಾಗವನ್ನು ಮಾತ್ರ ಮಗುವಿಗೆ ಖಾಲಿ ಬಿಡಿ. ಅಂಕ ಕೊಡುವ ಹಕ್ಕನ್ನೂ ಕೊಡಿ. ಹೆಚ್ಚು ಸಾಮಾನು ಕೊಳ್ಳಬೇಡಿ, ಎಲ್ಲವನ್ನೂ ಒಂದೇ ದಿನ ಮುಗಿಸಲೂ ಬೇಡಿ. ದಿನಕ್ಕೊಂದು ಸಾಕು.

ಊರಿಗೆ ಹೊರಡುವಾಗ ಮೊಮ್ಮಗಳು ನಾಲ್ಕು ಕವಡೆಗಳಲ್ಲಿ ಎರಡನ್ನು ತನ್ನ ಪೆನ್ಸಿಲ್ ಡಬ್ಬಿಗೆ ಹಾಕಿಕೊಂಡಳು. ‘ಮುಂದಿನ ವರ್ಷ ನಾನು ಬರೋವರೆಗೂ ನೀವಿಬ್ರೂ ಆಡೋ ಹಾಗಿಲ್ಲ’ ಎಂದು ಕಟ್ಟಪ್ಪಣೆ ಮಾಡಿದಳು. ರೈಲು ಹೊರಟು, ಕೈ ಬೀಸಿ, ನಾವು ಮನೆಗೆ ಬಂದ ಮೇಲೆ ನಮ್ಮಾಕೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಎರಡು ಹುಣಿಸೆ ಬೀಜ ಸೀಳಿಕೊಂಡು ಬಂದಳು. ‘ಅವಳು ಬರೋ ಹೊತ್ತಿಗೆ ಕೈ ಪಳಗಿರಬೇಕಲ್ಲ, ಬನ್ನಿ, ಹಾಕಿ’ ಅಂದಳು.